ಅಪ್ಪನ ಕಾಲದ ಸ್ಪೀಕರಿಗೆ ಯಾವ ಆಂಪ್ಲಿಫೈಯರ್?

ಅಟ್ಟದಿಂದ ಇಳಿಸಿದ ಹಳೇ ಸ್ಪೀಕರ್ ಜೋಡಿಯ ದೂಳು ಒರೆಸಿದ್ದೇ ತಡ, ಎಲ್ಲರೂ ಮೊಬೈಲ್ ತೆಗೆದು ಆಂಪ್ಲಿಫೈಯರ್ ಬೆಲೆ ಹುಡುಕಲು ಕೂರುತ್ತಾರೆ. ನಾನೂ ಕೂತಿದ್ದೆ. ಸ್ಪೀಕರಿನ ಬೆನ್ನಿಗೆ ‘40 ವ್ಯಾಟ್’ ಎಂಬ ಚೀಟಿ ಅಂಟಿತ್ತು. ಜಾಸ್ತಿ ಪವರ್ ಕೊಟ್ಟು ಸುಟ್ಟುಹೋದರೆ ಕಷ್ಟ ಅಂತ ಜಾಣತನ ಮಾಡಿ 10 ವ್ಯಾಟಿನ ಪುಟ್ಟದೊಂದನ್ನು ತಂದೆ. ನೆಂಟರು ಬಂದಿದ್ದ ಸಂಜೆ ಸಿ. ಅಶ್ವತ್ಥ್ ಅವರ ಏರುದನಿಯ ಹಾಡು ಹಾಕಿ ವಾಲ್ಯೂಮನ್ನು ತುದಿಗೆ ತಿರುಗಿಸಿದೆ. ಮಾರನೇ ದಿನ ಎಡಗಡೆಯ ಸ್ಪೀಕರ್ ಕಂಬಳಿ ಹೊದ್ದು ಹಾಡುತ್ತಿತ್ತು. ಟ್ವೀಟರ್, ಅಂದರೆ ಪೆಟ್ಟಿಗೆಯೊಳಗೆ ಕೀಚಲು ಸ್ವರ ನುಡಿಸುವ ಪುಟ್ಟ ಸ್ಪೀಕರ್, ಹೋಗಿತ್ತು.

ಅದು ಸುಟ್ಟಿದ್ದು ಪವರ್ ಸಾಲದೆ. ಆಂಪ್ಲಿಫೈಯರ್ ತನ್ನ ಶಕ್ತಿ ಮೀರಿ ದುಡಿಯುವಾಗ ದನಿಯ ಅಲೆಗಳ ನೆತ್ತಿಯನ್ನು ಕತ್ತರಿಸಿದಂತೆ ಚಪ್ಪಟೆ ಮಾಡುತ್ತದೆ. ಇದಕ್ಕೆ ಕ್ಲಿಪ್ಪಿಂಗ್ ಎನ್ನುತ್ತಾರೆ. ಚಪ್ಪಟೆಯಾದ ಅಲೆಯಲ್ಲಿ ಹಾಡಿನಲ್ಲಿಲ್ಲದ ಕೀಚಲು ಸ್ವರಗಳು ಹುಟ್ಟಿಕೊಂಡು ನೇರ ಟ್ವೀಟರಿಗೆ ಹೋಗುತ್ತವೆ. ಅದರ ಕಾಯಿಲ್ ತಂತಿಯೋ ಕೂದಲೆಳೆಯಷ್ಟು ಸಣ್ಣದು. ಹಾಗಾಗಿ ಅಂಗಡಿಗೆ ಹೋಗುವ ಮುಂಚೆ ಮನೆಯಲ್ಲೇ ಒಂದಷ್ಟು ಕೆಲಸ ಮುಗಿಸಿಕೊಳ್ಳಿ.

1. ಸ್ಪೀಕರಿನ ನಾಡಿ ನೋಡಿ

ಮುಂದಿನ ಬಟ್ಟೆಯ ಚೌಕಟ್ಟು ತೆಗೆದು ವೂಫರಿನ (ತಗ್ಗು ಸ್ವರ ನುಡಿಸುವ ದೊಡ್ಡ ಸ್ಪೀಕರ್) ಅಂಚಿನ ಬಳೆಯನ್ನು ಮೆಲ್ಲಗೆ ಬೆರಳಿನಿಂದ ಒತ್ತಿ. ರಬ್ಬರ್ ಅಥವಾ ಬಟ್ಟೆಯದಾದರೆ ಸಾಮಾನ್ಯವಾಗಿ ಗಟ್ಟಿಯಾಗಿರುತ್ತದೆ. ಫೋಮ್ ಆಗಿದ್ದರೆ ಹದಿನೈದು ಇಪ್ಪತ್ತು ವರ್ಷಕ್ಕೇ ಹಳೇ ಹಪ್ಪಳದ ಹಾಗೆ ಪುಡಿಯಾಗಿ ಉದುರುತ್ತದೆ. ಉದುರಿದರೆ ಆಂಪ್ಲಿಫೈಯರ್ ವಿಚಾರ ಬಿಟ್ಟು ಮೊದಲು ಹೊಸ ಫೋಮ್ ಹಾಕಿಸಿ. ಆಮೇಲೆ ವೂಫರಿನ ನಡುವಿನ ಕೋನಿನ ಎರಡೂ ಬದಿ ಬೆರಳಿಟ್ಟು ಸಮನಾಗಿ ಒಳಕ್ಕೆ ಒತ್ತಿ. ಕರ್ರ್ ಎಂದು ಉಜ್ಜಿದ ಸದ್ದು ಬಂದರೆ ಒಳಗಿನ ಕಾಯಿಲ್ ವಾಲಿದೆ ಎಂದರ್ಥ.

2. ಓಮ್ ಅಳೆಯಿರಿ

ಓಮ್ ಎಂದರೆ ಸ್ಪೀಕರ್ ಕರೆಂಟಿಗೆ ಒಡ್ಡುವ ತಡೆಯ ಅಳತೆ. ಹಿಂದಿನ ಚೀಟಿ ಹರಿದಿದ್ದರೆ ಮಲ್ಟಿಮೀಟರ್ ಸಾಕು. ಸ್ಪೀಕರಿನ ಎರಡು ಟರ್ಮಿನಲ್‌ಗಳಿಗೆ ಹಿಡಿದಾಗ 5.5ರಿಂದ 7ರೊಳಗೆ ತೋರಿಸಿದರೆ ಅದು 8 ಓಮ್ ಸ್ಪೀಕರ್. 3ರಿಂದ 3.5 ಬಂದರೆ 4 ಓಮಿನದು. ಏನೂ ಬಾರದಿದ್ದರೆ ಎಲ್ಲೋ ತಂತಿ ಕಡಿದಿದೆ. ಒಂದು ಎಚ್ಚರಿಕೆ: ಮೀಟರ್ ಸರಿ ತೋರಿಸಿತೆಂದು ಟ್ವೀಟರ್ ಚೆನ್ನಾಗಿದೆ ಎಂದುಕೊಳ್ಳಬೇಡಿ. ಟ್ವೀಟರಿನ ದಾರಿಯಲ್ಲಿ ಕೆಪಾಸಿಟರ್ (ಒಂದೇ ದಿಕ್ಕಿನ ಡಿಸಿ ಕರೆಂಟನ್ನು ತಡೆಯುವ ಭಾಗ) ಕೂತಿರುವುದರಿಂದ ಮೀಟರಿನ ಕರೆಂಟ್ ಅಲ್ಲಿಗೆ ತಲುಪುವುದೇ ಇಲ್ಲ. ಅದನ್ನು ಕಿವಿಯಿಟ್ಟೇ ಕೇಳಬೇಕು.

ಆಂಪ್ಲಿಫೈಯರಿನ ಬೆನ್ನಿಗೆ ‘8–16 ಓಮ್’ ಎಂದು ಬರೆದಿದ್ದರೆ 4 ಓಮಿನ ಸ್ಪೀಕರನ್ನು ಅದಕ್ಕೆ ಕಟ್ಟಬೇಡಿ, ಆಂಪ್ಲಿಫೈಯರ್ ಕಾದು ಕೆಂಡವಾಗುತ್ತದೆ. ಹೆಸರಾಂತ ಅಮೆರಿಕನ್ ಸ್ಪೀಕರ್ ಎಆರ್-3ಎ ಇಂಥ 4 ಓಮಿನದು. ಬಿಬಿಸಿ ವಿನ್ಯಾಸದ ಪುಟ್ಟ ಎಲ್‌ಎಸ್3/5ಎ ಮೊದಲು ಬಂದಾಗ 15 ಓಮ್ ಇತ್ತು. ಇದರಿಂದ ಅಪಾಯವೇನೂ ಇಲ್ಲ. ಆದರೆ 8 ಓಮಿಗೆ 50 ವ್ಯಾಟ್ ಕೊಡುವ ಟ್ರಾನ್ಸಿಸ್ಟರ್ ಆಂಪ್ಲಿಫೈಯರ್ ಇದಕ್ಕೆ ಸುಮಾರು ಅರ್ಧ ಮಾತ್ರ ಕೊಟ್ಟೀತು.

3. ವ್ಯಾಟ್ ಲೆಕ್ಕ

ಸ್ಪೀಕರ್ ಮೇಲಿನ ವ್ಯಾಟ್ ಅದು ತಾಳುವ ಮಿತಿ, ಬೇಡುವ ಪ್ರಮಾಣವಲ್ಲ. ಬೇಡಿಕೆ ತಿಳಿಯಬೇಕಾದರೆ ಅದರ ಸೆನ್ಸಿಟಿವಿಟಿ ನೋಡಬೇಕು, ಅಂದರೆ 1 ವ್ಯಾಟ್ ಕೊಟ್ಟಾಗ 1 ಮೀಟರ್ ದೂರದಲ್ಲಿ ಎಷ್ಟು ಡೆಸಿಬಲ್ ಸದ್ದು ಎಂಬುದನ್ನು. ಪ್ರತಿ 3 ಡೆಸಿಬಲ್ ಏರಲು ಪವರ್ ಇಮ್ಮಡಿ ಬೇಕು, 10 ಡೆಸಿಬಲ್ ಏರಲು ಹತ್ತು ಪಟ್ಟು.

ಕಛೇರಿಯ ರೆಕಾರ್ಡಿಂಗ್ ಒಂದನ್ನು ನೆನೆಯಿರಿ. ಆಲಾಪನೆ ನಡೆಯುವಾಗ ಆಂಪ್ಲಿಫೈಯರಿಗೆ ಒಂದು ವ್ಯಾಟೂ ಖರ್ಚಾಗುವುದಿಲ್ಲ. ತನಿ ಆವರ್ತನದಲ್ಲಿ ಮೃದಂಗದ ಒಂದು ಗಟ್ಟಿ ಪೆಟ್ಟು ಬಿದ್ದಾಗ ಮಾತ್ರ ಕ್ಷಣಮಾತ್ರಕ್ಕೆ ಸದ್ದು 100 ಡೆಸಿಬಲ್ ಮುಟ್ಟಬೇಕು ಎಂದುಕೊಳ್ಳೋಣ. 96 ಡೆಸಿಬಲ್ ಆಸುಪಾಸಿನ ಕ್ಲಿಪ್ಶ್ ಹೆರೆಸಿ ಎಂಬ ಸ್ಪೀಕರಿಗೆ ಆ ಪೆಟ್ಟಿಗೆ ಬೇಕಾದ್ದು ಎರಡೂವರೆ ವ್ಯಾಟ್. 87ರ ಸಾಮಾನ್ಯ ಮನೆ ಸ್ಪೀಕರಿಗೆ 20 ವ್ಯಾಟ್. 83ರ ಎಲ್‌ಎಸ್3/5ಎಗೆ 50 ವ್ಯಾಟ್! ಅಷ್ಟನ್ನು ಸದಾ ತಾಳುವ ಮೈಯೂ ಅದಕ್ಕಿಲ್ಲ. ಚಿಕ್ಕ ಕೋಣೆಯಲ್ಲಿ ಹತ್ತಿರ ಕೂತು ಕೇಳುವವರ ಪೆಟ್ಟಿಗೆ ಅದು. ನಿಮ್ಮ ಸೋಫಾ ದೂರವಿದ್ದಷ್ಟೂ ಲೆಕ್ಕ ಇನ್ನೂ ಏರುತ್ತದೆ.

ನಮ್ಮ ಹಜಾರಗಳಿಗೆ, ಎಂಬತ್ತರ ದಶಕದ 8 ಓಮ್ ಜೋಡಿಗೆ, ಚಾನೆಲ್‌ಗೆ (ಅಂದರೆ ಒಂದೊಂದು ಸ್ಪೀಕರಿಗೆ) 30ರಿಂದ 60 ವ್ಯಾಟ್ ಆರ್‌ಎಂಎಸ್, ಅಂದರೆ ಸತತವಾಗಿ ಕೊಡಬಲ್ಲ ಪವರ್, ಇದ್ದರೆ ನೆಮ್ಮದಿ. ಪೆಟ್ಟಿಗೆಯ ಮೇಲೆ ಸಾವಿರಗಳಲ್ಲಿ ಹೊಳೆಯುವ ಪಿಎಂಪಿಓ (ಕ್ಷಣಮಾತ್ರದ ಪವರನ್ನು ಉಬ್ಬಿಸಿ ಹೇಳುವ) ಅಂಕಿಯನ್ನು ಓದಲೇಬೇಡಿ.

4. ಯಾವ ಜಾತಿ?

ಬೆಂಗಳೂರಿನ ಎಸ್‌.ಪಿ. ರಸ್ತೆಯಂಥ ಕಡೆ ಎಸ್‌ಟಿಕೆ ಐಸಿ (ಆಂಪ್ಲಿಫೈಯರ್ ಚಿಪ್) ಹಾಕಿ ಜೋಡಿಸಿದ ಸೆಟ್‌ಗಳು ಅಗ್ಗ. ಕೆಲವು ಚೆನ್ನಾಗಿಯೇ ಹಾಡುತ್ತವೆ, ಆದರೆ ಐಸಿ ನಕಲಿಯೋ ಅಸಲಿಯೋ ಹೇಳುವುದು ಕಷ್ಟ. ಅಂಗೈಯಗಲದ ಕ್ಲಾಸ್-ಡಿ (ಕರೆಂಟನ್ನು ಸರಸರ ಆನ್-ಆಫ್ ಮಾಡುತ್ತಾ ದುಡಿಯುವ) ಆಂಪ್ಲಿಫೈಯರ್ ಕಡಿಮೆ ಕರೆಂಟಿಗೆ ಅಚ್ಚುಕಟ್ಟಾಗಿ ದುಡಿಯುತ್ತದೆ, ಜತೆಗೆ ಕೊಡುವ ಅಡಾಪ್ಟರ್ ಮಾತ್ರ ಬಡಕಲಾಗಿರಬಾರದು. ವಾಲ್ವ್ (ಗಾಜಿನ ಕೊಳವೆಗಳ) ಆಂಪ್ಲಿಫೈಯರ್ ಅಂದಚಂದ ನೋಡಿ ಮರುಳಾಗುವವರಿಗೆ ಒಂದೇ ಮಾತು: ಸ್ಪೀಕರ್ ಕಟ್ಟದೆ ಅದನ್ನು ಓಡಿಸಿದರೆ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಸುಡಬಹುದು. ನನ್ನ ಆಯ್ಕೆ, ಒಳ್ಳೆ ಕಂಪನಿಯ ಸೆಕೆಂಡ್ ಹ್ಯಾಂಡ್ ಟ್ರಾನ್ಸಿಸ್ಟರ್ ಆಂಪ್ಲಿಫೈಯರ್. ಎಲ್‌ಪಿ ತಟ್ಟೆ ಕೇಳುವವರು ‘ಫೋನೊ’ ಎಂಬ ಇನ್‌ಪುಟ್ ಇದೆಯೇ ನೋಡಿಕೊಳ್ಳಿ.

5. ಹಳೆಯದನ್ನು ಕೊಳ್ಳುವಾಗ

ಮೊದಲು ಬೆನ್ನಿನ ವೋಲ್ಟೇಜ್ ಓದಿ. ಜಪಾನಿನ ಒಳಮಾರುಕಟ್ಟೆಯ ಸೆಟ್ 100 ವೋಲ್ಟಿನದು, ಅಮೆರಿಕದ್ದು 120. ನಮ್ಮ 230ಕ್ಕೆ ನೇರ ಸಿಕ್ಕಿಸಿದರೆ ಹೊಗೆಯೇ ಗತಿ, ಸ್ಟೆಪ್-ಡೌನ್ ಟ್ರಾನ್ಸ್‌ಫಾರ್ಮರ್ ಬೇಕು. ಆಮೇಲೆ ಆನ್ ಮಾಡಿ ಹತ್ತು ನಿಮಿಷ ಬಿಟ್ಟು, ಹಾಡು ಹಾಕದೆ, ವಾಲ್ಯೂಮ್ ಸೊನ್ನೆಯಲ್ಲಿಟ್ಟು, ಸ್ಪೀಕರ್ ಟರ್ಮಿನಲ್‌ಗಳಲ್ಲಿ ಡಿಸಿ ವೋಲ್ಟೇಜ್ ಅಳೆಯಿರಿ. 50 ಮಿಲಿವೋಲ್ಟಿನೊಳಗಿದ್ದರೆ ನಿಶ್ಚಿಂತೆ. ವೋಲ್ಟ್‌ಗಟ್ಟಲೆ ಬಂದರೆ ಅಂಥದಕ್ಕೆ ಅಪ್ಪನ ಸ್ಪೀಕರ್ ಕಟ್ಟಬೇಡಿ, ವೂಫರ್ ಬೆಂದುಹೋಗುತ್ತದೆ. ನಾಬ್ ತಿರುಗಿಸುವಾಗ ಕರಕರ ಎಂದರೆ ಹೆದರಬೇಡಿ. ಅದು ಬರೀ ಕೊಳೆ, ಕಾಂಟ್ಯಾಕ್ಟ್ ಕ್ಲೀನರ್‌ಗೆ ಹೋಗುತ್ತದೆ. ಚೌಕಾಸಿಗಂತೂ ಒಳ್ಳೆ ನೆಪ.

6. ಜೋಡಿಸುವುದು

ಯುರೋಪಿನ ಹಳೇ ಸ್ಪೀಕರ್‌ಗಳಿಗೆ ಎರಡು ಕಡ್ಡಿಯ ಡಿನ್ ಪ್ಲಗ್ ಇರುತ್ತದೆ: ದುಂಡು ಕಡ್ಡಿ ಪ್ಲಸ್, ಚಪ್ಪಟೆಯದು ಮೈನಸ್. ತಂತಿಯ ತುದಿ ಬಿಗಿಯಾಗಿ ಹೊಸೆಯಿರಿ, ಒಂದೆಳೆ ಪಕ್ಕದ ಟರ್ಮಿನಲ್‌ಗೆ ತಾಗಿದರೂ ಶಾರ್ಟ್. ಈಗ ಒಬ್ಬರೇ ಹಾಡಿದ ಹಾಡೊಂದನ್ನು ಸಣ್ಣಗೆ ಹಾಕಿ ಎರಡು ಸ್ಪೀಕರ್‌ಗಳ ನಡುವೆ ಕೂತುಕೊಳ್ಳಿ. ಹಾಡುಗಾರರು ಎದುರಿಗೇ ನಿಂತಂತೆ ಕೇಳಬೇಕು. ದನಿ ಕೋಣೆ ತುಂಬ ಅಲೆದಾಡುತ್ತಾ ತಬಲಾದ ಬಾಯಾ ಸೊರಗಿದ್ದರೆ, ಯಾವುದಾದರೂ ಒಂದೇ ಸ್ಪೀಕರಿನ ಎರಡು ತಂತಿ ಅದಲುಬದಲು ಮಾಡಿ ಮತ್ತೆ ಹಾಕಿ.