ವಾಚಿನ ಬೆಲ್ಟ್ ಮನೆಯಲ್ಲೇ ಹಾಕೋದು: ಒಂದು ದಬ್ಬಣ, ಒಂದು ಟವೆಲ್ ಸಾಕು

ಮೊದಲು ಫ್ಯಾನ್ ಆಫ್ ಮಾಡಿ. ಬಳ್ಳಾರಿಯ ಏಪ್ರಿಲ್‌ನಲ್ಲಿ ಈ ಮಾತು ಯಾರಿಗೂ ಸೇರಲ್ಲ, ಗೊತ್ತು. ಆದರೆ ಬೆಲ್ಟನ್ನು ವಾಚಿಗೆ ಹಿಡಿದಿಡೋ ಪಿನ್ ಒಳಗೆ ಸ್ಪ್ರಿಂಗ್ ಇರುತ್ತದೆ. ಕೈ ಜಾರಿದರೆ ಅದು ಎಲ್ಲೋ ಹಾರಿ ಬೀಳುತ್ತದೆ. ಬಿದ್ದ ಸದ್ದು ಕಿವಿಗೆ ಬಿದ್ದರೆ ಅರ್ಧ ಹುಡುಕಿದ ಹಾಗೆ. ಫ್ಯಾನ್ ಗರಗರ ಅನ್ನುತ್ತಿದ್ದರೆ ಆ ಸದ್ದು ಕೇಳಿಸೋದಿಲ್ಲ.

ನಾನು ಕೌಲ್ ಬಜಾರಿನಲ್ಲಿ ಜೀನ್ಸ್ ಹೊಲಿಯುವವಳು. ನಮ್ಮ ಮನೆಯವರು ತೋರಣಗಲ್ಲಿನ ಕಡೆ ಶಿಫ್ಟ್ ಕೆಲಸಕ್ಕೆ ಹೋಗುತ್ತಾರೆ. ಈ ಕಡೆಯ ಬಿಸಿಲು, ಬೆವರು, ಸಂಡೂರಿನ ರಸ್ತೆಯ ಕೆಂಪು ಧೂಳು ಮೂರೂ ಸೇರಿದರೆ ಚರ್ಮದ ಬೆಲ್ಟ್ ಬಾಳಿಕೆ ಬರೋದಿಲ್ಲ. ಮೊದಲು ಒಳಭಾಗ ಕಪ್ಪಾಗುತ್ತದೆ, ಆಮೇಲೆ ವಾಸನೆ, ಆಮೇಲೆ ಬಕಲ್ ಹತ್ತಿರ ಸೀಳು. ಹಾಗಾಗಿ ನಮ್ಮ ಮನೆಯಲ್ಲಿ ಬೆಲ್ಟ್ ಬದಲಿಸೋ ಕೆಲಸ ನನ್ನದೇ.

ಅಂಗಡಿಗೆ ಹೋದ ಕೂಡಲೇ ಕೇಳೋ ಪ್ರಶ್ನೆ ಒಂದೇ: "ಅಕ್ಕಾ, ಹದಿನೆಂಟಾ, ಇಪ್ಪತ್ತಾ?" ಅದು ಮಿಲಿಮೀಟರ್ ಲೆಕ್ಕ. ವಾಚಿನ ಡಬ್ಬಿಯಿಂದ ಮೇಲೆ ಎರಡು, ಕೆಳಗೆ ಎರಡು ಕಾಲು ಚಾಚಿಕೊಂಡಿರುತ್ತವಲ್ಲ, ಆ ಎರಡು ಕಾಲುಗಳ ನಡುವಿನ ಜಾಗವೇ ಬೆಲ್ಟಿನ ಅಗಲ. ಅದನ್ನೇ ಅಳೆಯಿರಿ. ಹಳೆ ಬೆಲ್ಟನ್ನು ಅಳೆಯಬೇಡಿ. ಅದು ಸವೆದು, ಅಂಚು ಬಿಚ್ಚಿ, ಒಂದು ಮಿಲಿಮೀಟರ್ ಕಮ್ಮಿ ತೋರಿಸುತ್ತದೆ. ನನ್ನ ಟೇಪು ಇಂಚಿಗೆ ಸರಿ, ಇಂಥ ಸಣ್ಣ ಅಳತೆಗೆ ಆಗೋದಿಲ್ಲ. ಮಕ್ಕಳ ಜಾಮೆಟ್ರಿ ಬಾಕ್ಸಿನ ಸ್ಕೇಲ್ ತಗೊಳ್ಳಿ. ಗಂಡಸರ ವಾಚಿಗೆ ಸಾಮಾನ್ಯವಾಗಿ 18, 20, 22 ಬರುತ್ತದೆ. ಹೆಂಗಸರದ್ದು 12, 14, 16. ಕೆಲವಕ್ಕೆ 19 ಅಂತಲೂ ಇರುತ್ತದೆ. ಅಂಥದ್ದಕ್ಕೆ ಮೆತ್ತನೆ ಚರ್ಮದ್ದೋ ಬಟ್ಟೆಯದ್ದೋ 20ರ ಬೆಲ್ಟನ್ನು ಒತ್ತಿ ಕೂರಿಸಬಹುದು. ಸ್ಟೀಲ್ ಚೈನ್ ಒತ್ತಿದರೆ ಕೂರೋದಿಲ್ಲ.

ಅಪ್ಪನ ಎಚ್‌ಎಂಟಿ ವಾಚು ನನ್ನ ಹತ್ತಿರ ಇದೆ, ಕೀ ಕೊಡೋದು, 18ರದ್ದು. ಜಪಾನಿನ ಸಿಟಿಜನ್ ಜೊತೆ ಸೇರಿ 1961ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಕಾರ್ಖಾನೆ ಅದು. ಎಚ್‌ಎಂಟಿ ವಾಚಸ್ ಕಂಪನಿಯನ್ನು ಮುಚ್ಚಲು 2016ರಲ್ಲಿ ಕೇಂದ್ರ ಸಂಪುಟ ಒಪ್ಪಿಗೆ ಕೊಟ್ಟಿತು. ಕಂಪನಿ ಹೋದರೂ ಬೆಲ್ಟಿಗೆ ತೊಂದರೆ ಇಲ್ಲ. ಯಾರು ಮಾಡಿದ 18 ಆದರೂ 18ಕ್ಕೆ ಕೂರುತ್ತದೆ. ರಬ್ಬರ್ ಬೆಲ್ಟಿನ ಡಿಜಿಟಲ್ ವಾಚುಗಳಲ್ಲಿ ಮಾತ್ರ ಹುಷಾರು. ಬಹಳಷ್ಟರಲ್ಲಿ ಡಬ್ಬಿಯ ಆಕಾರಕ್ಕೇ ಬೆಲ್ಟ್ ಕೊರೆದಿರುತ್ತಾರೆ. ಅದೇ ಮಾಡೆಲ್‌ನದ್ದೇ ಕೇಳಿ ತರಬೇಕು.

ಈಗ ಪಿನ್. ಇದು ಅರ್ಥ ಆದರೆ ಉಳಿದದ್ದು ಸುಲಭ. ಪಿನ್ ಅಂದರೆ ಸಣ್ಣ ಕೊಳವೆ. ಅದರ ತುದಿಯ ಮೂತಿ ಒತ್ತಿದರೆ ಒಳಗೆ ಹೋಗುತ್ತದೆ, ಬಿಟ್ಟರೆ ಹೊರಗೆ ಬರುತ್ತದೆ. ಆ ಮೂತಿ ಕಾಲಿನ ಒಳಮೈಯಲ್ಲಿರೋ ಚಿಕ್ಕ ತೂತಿಗೆ ಕೂತಿರುತ್ತದೆ. ತುದಿಯ ಹತ್ತಿರ ಒಂದು ಉಬ್ಬು ಇರುತ್ತದೆ. ನಾವು ಹಿಡಿಯಬೇಕಾದ್ದು ಆ ಉಬ್ಬನ್ನೇ.

ಇದಕ್ಕೆ ಅಂತಲೇ ಸಣ್ಣ ಕವಲು ತುದಿಯ ಸಾಧನ ಸಿಗುತ್ತದೆ. ನಾನು ಗೋಣಿಚೀಲ ಹೊಲಿಯುವ ದಬ್ಬಣ ಬಳಸುತ್ತೇನೆ. ಅದರ ತುದಿಯನ್ನು ಕಲ್ಲಿಗೆ ಉಜ್ಜಿ ಸ್ವಲ್ಪ ಚಪ್ಪಟೆ ಮಾಡಿಕೊಳ್ಳಬೇಕು. ಚೂಪು ಹಾಗೇ ಬಿಟ್ಟರೆ ಜಾರಿ ಡಬ್ಬಿಗೆ ಗೀರು, ಇಲ್ಲವೇ ಬೆರಳಿಗೆ ತೂತು. ತರಕಾರಿ ಚಾಕು ಮಾತ್ರ ಬೇಡ. ವಾಚಿನ ಕಾಲುಗಳಿಗೆ ಸ್ವಲ್ಪ ಸೆಲ್ಲೋ ಟೇಪ್ ಅಂಟಿಸಿಕೊಂಡರೆ ಗೀರಿನ ಭಯವೂ ಇಲ್ಲ.

ಟವೆಲ್ ಮಡಚಿ ಹಾಸಿ, ವಾಚನ್ನು ಗಾಜು ಕೆಳಗೆ ಮಾಡಿ ಮಲಗಿಸಿ. ಬೆಲ್ಟಿಗೂ ಕಾಲಿಗೂ ನಡುವಿನ ಸಂದಿಯಲ್ಲಿ ದಬ್ಬಣದ ತುದಿ ಇಟ್ಟು, ಪಿನ್ನಿನ ಉಬ್ಬಿಗೆ ತಾಗಿಸಿ, ಬೆಲ್ಟಿನ ಮಧ್ಯದ ಕಡೆಗೆ ತಳ್ಳಿ. ಮೇಲಕ್ಕೆ ಮೀಟಬೇಡಿ, ಪಕ್ಕಕ್ಕೇ ತಳ್ಳಬೇಕು. ಮೂತಿ ತೂತಿನಿಂದ ಬಿಟ್ಟ ಕೂಡಲೇ ಇನ್ನೊಂದು ಕೈಯಿಂದ ಬೆಲ್ಟನ್ನು ಮೆಲ್ಲಗೆ ಎತ್ತಿ. ಹೆಬ್ಬೆರಳು ಪಿನ್ನಿನ ಮೇಲೇ ಇರಲಿ. ಕೆಲವು ವಾಚುಗಳಲ್ಲಿ ಕಾಲಿನ ಹೊರಗಡೆಯಿಂದಲೂ ತೂತು ಕಾಣುತ್ತದೆ. ಅದು ಪುಣ್ಯ. ಸಣ್ಣ ಗುಂಡುಸೂಜಿಯಿಂದ ಹೊರಗಿನಿಂದಲೇ ಒತ್ತಿದರೆ ಮುಗಿಯಿತು.

ಬೆಲ್ಟ್ ಬಿಚ್ಚಿದಾಗ ಆ ಸಂದಿಯಲ್ಲಿ ಕೂತ ಕೆಸರು ನೋಡಿ! ನಮ್ಮ ಮನೆಯವರ ವಾಚಿನಲ್ಲಿ ಅದು ಅಚ್ಚ ಕೆಂಪು. ಒಣ ಹಳೆ ಟೂತ್‌ಬ್ರಷ್‌ನಿಂದ ಉಜ್ಜಿ ತೆಗೆಯಿರಿ. ಹಳೆ ವಾಚಿಗೆ ನೀರು ತಾಗಿಸಬೇಡಿ.

ಹೊಸ ಬೆಲ್ಟ್ ಎರಡು ತುಂಡು. ಬಕಲ್ ಇರೋ ಗಿಡ್ಡ ತುಂಡು 12ರ ಕಡೆಗೆ, ತೂತುಗಳಿರೋ ಉದ್ದದ್ದು 6ರ ಕಡೆಗೆ. ಪಿನ್ನನ್ನು ಬೆಲ್ಟಿನ ಕೊಳವೆಯೊಳಗೆ ತೂರಿಸಿ, ಒಂದು ಮೂತಿಯನ್ನು ತೂತಿಗೆ ಕೂರಿಸಿ, ಇನ್ನೊಂದನ್ನು ದಬ್ಬಣದಿಂದ ಒಳಕ್ಕೆ ಒತ್ತಿ ಹಿಡಿದು ಕಾಲಿನ ನಡುವೆ ಇಳಿಸಿ. ತೂತು ಸಿಗೋವರೆಗೆ ಸ್ವಲ್ಪ ಆಚೀಚೆ ಅಲ್ಲಾಡಿಸಿ. ಟಿಕ್ ಅಂತ ಸಣ್ಣ ಸದ್ದು ಬರುತ್ತದೆ. ಸದ್ದು ಬಂತು ಅಂತ ನಂಬಿ ಕಟ್ಟಿಕೊಳ್ಳಬೇಡಿ. ಟವೆಲ್ ಮೇಲೆ ಹಿಡಿದು ಎರಡೂ ತುಂಡನ್ನು ಜಗ್ಗಿ, ಆಮೇಲೆ ಪಕ್ಕಕ್ಕೆ ತಿರುಚಿ ನೋಡಿ. ಒಂದು ಮೂತಿ ಅರ್ಧ ಕೂತಿದ್ದರೆ ತಿರುಚುವಾಗಲೇ ಬಿಡುತ್ತದೆ. ಬೈಕ್ ಮೇಲೆ ಬಿಡೋದಕ್ಕಿಂತ ಮನೆಯಲ್ಲೇ ಬಿಡಲಿ.

ಹಳೆ ಪಿನ್ನನ್ನೇ ಮತ್ತೆ ಹಾಕೋದು ನನಗೆ ಸರಿ ಬರಲ್ಲ. ಬೆವರಿನ ಉಪ್ಪಿಗೆ ಪಿನ್ ಒಳಗಿನ ಸ್ಪ್ರಿಂಗ್ ತುಕ್ಕು ಹಿಡಿಯುತ್ತದೆ. ಬೆಲ್ಟ್ ಹರಿದರೆ ಕಣ್ಣಿಗೆ ಕಾಣುತ್ತದೆ, ಪಿನ್ ಕೆಟ್ಟದ್ದು ವಾಚು ಕೆಳಗೆ ಬಿದ್ದ ಮೇಲೇ ಗೊತ್ತಾಗೋದು. ಹೊಸ ಬೆಲ್ಟಿನ ಜೊತೆ ಪಿನ್ ಇಲ್ಲದಿದ್ದರೆ ಕೇಳಿ ತಗೊಳ್ಳಿ.

ಸ್ಟೀಲ್ ಚೈನ್ ಬಗ್ಗೆ ಚಿಕ್ಕದಾಗಿ ಹೇಳುತ್ತೇನೆ. ಉದ್ದ ಜಾಸ್ತಿ ಇದ್ದರೆ ಕೊಂಡಿ ತೆಗೆಯಬೇಕು. ಒಳಮೈಯಲ್ಲಿ ಬಾಣದ ಗುರುತು ಇರುತ್ತದೆ, ಪಿನ್ನನ್ನು ಬಾಣದ ದಿಕ್ಕಿಗೆ ತಳ್ಳಿ, ಹಾಕುವಾಗ ಎದುರು ದಿಕ್ಕಿನಿಂದ ಹಾಕಿ. ಎರಡೂ ಕಡೆಯಿಂದ ಸಮವಾಗಿ ತೆಗೆದರೆ ಲಾಕ್ ಮಣಿಕಟ್ಟಿನ ಅಡಿ ನಡುವೆ ಬರುತ್ತದೆ. ಸುತ್ತಿಗೆ ಏಟಿಗೂ ಜಗ್ಗದಿದ್ದರೆ ಸುಮ್ನೆ ಅಂಗಡಿಗೆ ಕೊಡಿ.

ನನಗೆ ಇಷ್ಟವಾದದ್ದು ಒಂದೇ ಪಟ್ಟಿಯ ಬೆಲ್ಟ್. ಅಂಗಡಿಯಲ್ಲಿ ನ್ಯಾಟೋ ಅಂತಾರೆ. ಬ್ರಿಟನ್ನಿನ ರಕ್ಷಣಾ ಇಲಾಖೆ 1973ರಲ್ಲಿ ಇಂಥ ನೈಲಾನ್ ಬೆಲ್ಟಿಗೆ ಅಳತೆ ಗೊತ್ತು ಮಾಡಿತ್ತು. ಪಟ್ಟಿ ಎರಡೂ ಪಿನ್ನಿನ ಹಿಂದೆ, ವಾಚಿನ ಅಡಿಯಿಂದ ಹಾದು ಹೋಗುತ್ತದೆ. ಒಂದು ಪಿನ್ ಬಿಟ್ಟರೂ ವಾಚು ಇನ್ನೊಂದರಲ್ಲಿ ನೇತಾಡುತ್ತದೆ, ಬೀಳೋದಿಲ್ಲ. ಬದಲಿಸೋಕೆ ಪಿನ್ ಬಿಚ್ಚಬೇಕಾಗಿಲ್ಲ, ಪಟ್ಟಿ ಎಳೆದರೆ ಬಂತು.

ಇದನ್ನು ಜೀನ್ಸ್ ತುಂಡಿನಲ್ಲಿ ಹೊಲಿಯಬಹುದು. ನಮ್ಮ ಕಡೆ ತುಂಡಿಗೇನು ಬರವಾ! ತೆಳು ಡೆನಿಮ್ ಆರಿಸಿ. ದಪ್ಪದ್ದು ಪಿನ್ನಿಗೂ ಡಬ್ಬಿಗೂ ನಡುವಿನ ಸಂದಿಯಲ್ಲಿ ತೂರೋದಿಲ್ಲ. ಮೊದಲೇ ತೊಳೆದು ಒಣಗಿಸಿ, ಇಲ್ಲದಿದ್ದರೆ ಆಮೇಲೆ ಕುಗ್ಗುತ್ತದೆ, ಕೈಗೆಲ್ಲ ನೀಲಿ ಹತ್ತುತ್ತದೆ. 18ರ ವಾಚಿಗೆ 36 ಮಿ.ಮೀ. ಅಗಲ ಕತ್ತರಿಸಿ, ಎರಡೂ ಅಂಚು ಮಧ್ಯದಲ್ಲಿ ಕೂಡುವ ಹಾಗೆ ಮಡಚಿ ಇಸ್ತ್ರಿ ಹಾಕಿ. ಉದ್ದಕ್ಕೆ ಮಣಿಕಟ್ಟಿನ ಸುತ್ತಳತೆಗೆ 10 ಸೆಂ.ಮೀ. ಸೇರಿಸಿ. 16 ನಂಬರ್ ಸೂಜಿಯಲ್ಲಿ ಎರಡೂ ಅಂಚಿಗೆ ಹೊಲಿಗೆ ಹಾಕಿ. ಹಳೆ ಬೆಲ್ಟಿನ ಬಕಲ್ ಬಿಚ್ಚಿ ಇದಕ್ಕೆ ಮಡಚಿ ಸೇರಿಸಿ. ಆ ಮಡಿಕೆಯಲ್ಲಿ ನಾಲ್ಕು ಪದರ ಆಗುತ್ತದೆ, ಸುತ್ತಿಗೆಯಿಂದ ಮೆಲ್ಲಗೆ ಬಡಿದು, ಮಿಷಿನ್ನಿನ ಚಕ್ರ ಕೈಯಲ್ಲೇ ತಿರುಗಿಸಿ ಹೊಲಿಯಿರಿ. ಬಕಲ್ಲಿನ ನಾಲಿಗೆಗೆ ಮಡಿಕೆಯಲ್ಲಿ ಸಣ್ಣ ಸೀಳು ಬಿಡೋದು ಮರೆಯಬೇಡಿ. ತೂತುಗಳನ್ನು ಕತ್ತರಿಸಬೇಡಿ, ದಬ್ಬಣದಿಂದ ಎಳೆ ಸರಿಸಿ, ಸುತ್ತ ಕಾಜಾ ಹೊಲಿಗೆ ಹಾಕಿ. ಎರಡು ಬೆಲ್ಟ್ ಹೊಲಿದಿಟ್ಟರೆ ಒಂದು ಕೈಯಲ್ಲಿ, ಒಂದು ಬಕೆಟ್‌ನಲ್ಲಿ.