ಫೀನಿಕ್ಸಲ್ಲಿ ಮನೆ ಮಾಡುವವರೇ, ಮೊದಲು ಪಶ್ಚಿಮದ ಗೋಡೆ ನೋಡಿ

ಅಮೆರಿಕದ ಅರಿಜೋನಾದಲ್ಲಿ, ಫೀನಿಕ್ಸ್ ಪಕ್ಕದ ಚಾಂಡ್ಲರ್, ಗಿಲ್ಬರ್ಟ್ ಕಡೆ ಹೊಸದಾಗಿ ಬರುವ ನಮ್ಮವರು ಒಂದೆರಡು ವರ್ಷ ಅಪಾರ್ಟ್‌ಮೆಂಟಲ್ಲಿ ಇದ್ದು, ಆಮೇಲೆ ಮನೆ ಹುಡುಕಲು ಶುರು ಮಾಡುತ್ತಾರೆ. ಆಗ ಎಲ್ಲರೂ ಕೇಳುವುದು ಒಂದೇ ಮಾತು, ಪೂರ್ವಕ್ಕೆ ಬಾಗಿಲಿರುವ ಮನೆ ಎಲ್ಲಿ ಸಿಗುತ್ತದೆ ಅಂತ.

ನಾವೂ ಪೂರ್ವದ ಬಾಗಿಲೇ ಬೇಕು ಅಂತ ಹಟ ಹಿಡಿದು ತೆಗೆದುಕೊಂಡೆವು. ಊರಲ್ಲಿ ಅದು ಸರಿ. ಆದರೆ ಇಲ್ಲಿಯ ಮನೆಗಳ ನಕ್ಷೆ ಬೇರೆ. ಮುಂದೆ ಗ್ಯಾರೇಜು, ಚಿಕ್ಕ ಬಾಗಿಲು. ದೊಡ್ಡ ಗಾಜಿನ ಬಾಗಿಲು, ಕಿಟಕಿ, ಎಲ್ಲರೂ ಕೂರುವ ಹಾಲು ಇರುವುದೆಲ್ಲ ಹಿತ್ತಲ ಕಡೆ. ಬಾಗಿಲು ಪೂರ್ವಕ್ಕಿದ್ದರೆ ಆ ಗಾಜೆಲ್ಲ ಪಶ್ಚಿಮಕ್ಕೆ ಬೀಳುತ್ತದೆ. ಮೊದಲ ಜೂನಲ್ಲೇ ಗೊತ್ತಾಯಿತು. ಸಂಜೆ ಐದಕ್ಕೆ ಬಿಸಿಲು ಸೋಫಾದವರೆಗೂ ಬರುತ್ತಿತ್ತು, ಎಸಿ ನಿಲ್ಲದೆ ಓಡುತ್ತಿತ್ತು, ರಾತ್ರಿ ಹತ್ತಕ್ಕೆ ಒಳಗಿನಿಂದ ಗೋಡೆ ಮುಟ್ಟಿದರೆ ಇಳಿಸಿಟ್ಟ ಕಾವಲಿ ಹಾಗೆ ಇನ್ನೂ ಬೆಚ್ಚಗೆ.

ಅದಕ್ಕೇ ಹೇಳುತ್ತೇನೆ, ವಾಸ್ತು ನೋಡುವವರಾದರೆ ಉತ್ತರದ ಬಾಗಿಲು ನೋಡಿ. ಕುಬೇರನ ದಿಕ್ಕು, ಮನೆಯ ಹಿರಿಯರೂ ಬೇಡ ಅನ್ನುವುದಿಲ್ಲ. ಹಿತ್ತಲು ದಕ್ಷಿಣಕ್ಕೆ ಬೀಳುತ್ತದೆ, ದಕ್ಷಿಣದ ಬಿಸಿಲನ್ನು ತಡೆಯುವುದು ಸುಲಭ. ಜೂನಲ್ಲಿ ಇಲ್ಲಿ ನಡು ಮಧ್ಯಾಹ್ನದ ಸೂರ್ಯ ಸುಮಾರು 80 ಡಿಗ್ರಿ ಎತ್ತರದಲ್ಲಿ, ಹೆಚ್ಚುಕಡಿಮೆ ನೆತ್ತಿ ಮೇಲೇ ಇರುತ್ತಾನೆ. ಎರಡು ಮೂರು ಅಡಿ ಸೂರು ಚಾಚಿದ್ದರೂ ಕಿಟಕಿಗೆ ನೆರಳು. ಡಿಸೆಂಬರಲ್ಲಿ 33 ಡಿಗ್ರಿಗೆ ಇಳಿಯುತ್ತಾನೆ, ಆಗ ಅದೇ ಕಿಟಕಿಯಿಂದ ಹಿತವಾದ ಬಿಸಿಲು ಒಳಗೆ ಬರುತ್ತದೆ. ಸಂಜೆಯ ಸೂರ್ಯನಿಗೆ ಸೂರು ಲೆಕ್ಕಕ್ಕಿಲ್ಲ, ಅವನು ಅಡ್ಡಲಾಗಿ ಹೊಡೆಯುತ್ತಾನೆ. ಮನೆ ನೋಡಲು ಹೋಗುವುದಾದರೆ ಬೆಳಿಗ್ಗೆ ಹೋಗಬೇಡಿ. ಜೂನ್ ತಿಂಗಳ ಸಂಜೆ ಐದಕ್ಕೆ ಹೋಗಿ, ಹಾಲಲ್ಲಿ ಹತ್ತು ನಿಮಿಷ ಸುಮ್ನೆ ನಿಲ್ಲಿ.

ಇನ್ನೊಂದು ಮಾತು ತುಂಬಾ ಕೇಳುತ್ತೇನೆ. ಇಲ್ಲಿಯ ಮರದ ಚೌಕಟ್ಟಿನ ಮನೆ ಗಟ್ಟಿಯಿಲ್ಲ, ನಮ್ಮ ವಿಜಯಪುರ, ಬಾಗಲಕೋಟೆ ಕಡೆಯ ಮಾಳಿಗೆ ಮನೆ ಹಾಗೆ ದಪ್ಪ ಗೋಡೆ ಕಟ್ಟಿಸಿದರೆ ತಂಪಾಗಿರುತ್ತದೆ, ಅಲ್ವಾ ಅಂತ. ಆ ಮನೆಗಳ ಬಗ್ಗೆ ನನಗೂ ತುಂಬಾ ಪ್ರೀತಿ. ಆದರೆ ದಪ್ಪ ಗೋಡೆ ಹಗಲಲ್ಲಿ ಕುಡಿದ ಬಿಸಿಯನ್ನು ರಾತ್ರಿಯ ತಂಪಿಗೆ ಬಿಟ್ಟುಕೊಡಬೇಕು, ಆಗಲೇ ಮಾರನೇ ದಿನ ಕೆಲಸ ಮಾಡುತ್ತದೆ. ಫೀನಿಕ್ಸಲ್ಲಿ ಕಾಂಕ್ರೀಟು, ಡಾಂಬರು ಜಾಸ್ತಿಯಾಗಿ ರಾತ್ರಿಯೇ ತಣ್ಣಗಾಗುತ್ತಿಲ್ಲ. 2023ರ ಜುಲೈಯಲ್ಲಿ 16 ದಿನ ಸತತ, ರಾತ್ರಿಯ ಉಷ್ಣತೆ 90 ಫ್ಯಾರನ್‌ಹೀಟ್‌ಗಿಂತ, ಅಂದರೆ 32 ಸೆಲ್ಸಿಯಸ್‌ಗಿಂತ ಕೆಳಗೆ ಬರಲಿಲ್ಲ. ಆ ಬೇಸಿಗೆ ಹಗಲಲ್ಲಿ 110 ಫ್ಯಾರನ್‌ಹೀಟ್ ಅಥವಾ ಅದಕ್ಕೂ ಮೇಲೆ ಹೋಗಿದ್ದು ಸತತ 31 ದಿನ. ದಪ್ಪ ಗೋಡೆ ಕಟ್ಟಿಸಿದರೂ ಇನ್ಸುಲೇಶನ್, ಅಂದರೆ ಬಿಸಿ ತಡೆಯುವ ಹೊದಿಕೆ, ಗೋಡೆಯ ಹೊರಗಡೆ ಇರಬೇಕು. ಒಳಗೆ ಮಾಡಿಸಿದರೆ ದಪ್ಪ ಗೋಡೆಯ ಲಾಭ ಮನೆಗೆ ಸಿಗುವುದಿಲ್ಲ.

ಖರ್ಚು ಮಾಡುವ ಕ್ರಮವೂ ಮುಖ್ಯ. ಮನೆಗೆ ಬಂದ ವಾರದಲ್ಲೇ ಸೋಲಾರ್ ಮಾರುವವರು ಬಾಗಿಲು ಬಡಿಯುತ್ತಾರೆ. ಅವರಿಗೆ ಆಮೇಲೆ ಬನ್ನಿ ಅನ್ನಿ. ಮೊದಲು ನೆರಳು. ಪಶ್ಚಿಮದ ಕಿಟಕಿಗೆ ಒಳಗಡೆ ಪರದೆ ಹಾಕಿದರೆ ಬಿಸಿ ಆಗಲೇ ಒಳಗೆ ಬಂದಾಗಿರುತ್ತದೆ, ಹೊರಗಡೆ ಬಿಸಿಲು ತಡೆಯುವ ಜಾಲರಿ (ಸನ್‌ಸ್ಕ್ರೀನ್) ಹಾಕಿಸಿ. ಎರಡನೆಯದು ಚಾವಣಿ ಕೆಳಗಿನ ಅಟ್ಟ. ಬೇಸಿಗೆಯಲ್ಲಿ ಅಟ್ಟದೊಳಗೆ 60 ಸೆಲ್ಸಿಯಸ್ ದಾಟುತ್ತದೆ, ಎಸಿಯ ಡಕ್ಟ್, ಅಂದರೆ ತಣ್ಣನೆ ಗಾಳಿಯ ಕೊಳವೆ, ಹೋಗುವುದೂ ಅದರಲ್ಲೇ. ಡಕ್ಟಿನ ಕೀಲು ಬಿಟ್ಟಿದ್ದರೆ ನೀವು ತಂಪು ಮಾಡುತ್ತಿರುವುದು ಅಟ್ಟವನ್ನು. ನಮ್ಮ ಮನೆಯಲ್ಲಿ ಒಂದು ಕೀಲು ಪೂರ್ತಿ ಬಿಚ್ಚಿಕೊಂಡಿತ್ತು, ಎರಡು ಬೇಸಿಗೆ ಗೊತ್ತೇ ಆಗಲಿಲ್ಲ. ಚಾವಣಿಗೆ ಬಿಳಿ ಅಥವಾ ತಿಳಿ ಬಣ್ಣ. ಇಷ್ಟಾದ ಮೇಲೆ ಎಸಿ, ಕೊನೆಗೆ ಸೋಲಾರ್. ಸೋಲಾರಿನಲ್ಲಿ ಮಿಕ್ಕಿ ನೀವು ಕೊಡುವ ಕರೆಂಟಿಗೆ ವಿದ್ಯುತ್ ಕಂಪನಿ ಕೊಡುವ ದರ, ನೀವು ಕೊಳ್ಳುವ ದರಕ್ಕಿಂತ ಕಡಿಮೆ. ಹಾಗಾಗಿ ಮನೆಯಲ್ಲೇ ಬಳಸುವಷ್ಟು ಲೆಕ್ಕ ಹಾಕಿ ಹಾಕಿಸಿ. ಸಂಜೆ ಕರೆಂಟು ದುಬಾರಿ ಇರುವ ಪ್ಲಾನ್ ಇದ್ದರೆ ಮಧ್ಯಾಹ್ನವೇ ಮನೆ ತಂಪು ಮಾಡಿಟ್ಟುಕೊಳ್ಳಿ. ನೆರಳು, ಇನ್ಸುಲೇಶನ್ ಸರಿಯಿದ್ದರೆ ಆ ತಂಪು ಸಂಜೆವರೆಗೂ ನಿಲ್ಲುತ್ತದೆ.

ನೀರಿನ ಏರ್ ಕೂಲರ್ ಬಗ್ಗೆ ಕೇಳುವವರಿಗೆ, ಮೇ, ಜೂನಿನ ಒಣ ಹವೆಯಲ್ಲಿ ಚೆನ್ನಾಗಿ ನಡೆಯುತ್ತದೆ. ಜುಲೈಯಲ್ಲಿ ಮಾನ್ಸೂನ್ ತೇವ ಬಂದರೆ ಮೈ ಅಂಟು ಅಂಟು.

ಈಗ ಮರ. ಇದರ ಬಗ್ಗೆ ನಾನು ಎಷ್ಟು ಹೊತ್ತು ಬೇಕಾದರೂ ಮಾತಾಡುತ್ತೇನೆ. ಪಶ್ಚಿಮದ ಕಡೆ ಗೋಡೆಯಿಂದ ಹತ್ತು ಹದಿನೈದು ಅಡಿ ಬಿಟ್ಟು ಪಾಲೋ ವರ್ಡೆ ಅಥವಾ ಮೆಸ್ಕೀಟ್ ನೆಡಿ. ಮೆಸ್ಕೀಟ್ ನೋಡಿದ ಕೂಡಲೇ ನಿಮಗೆ ಊರು ನೆನಪಾಗುತ್ತದೆ, ಅದು ನಮ್ಮ ಬಳ್ಳಾರಿ ಜಾಲಿಯ ಹತ್ತಿರದ ಸಂಬಂಧಿ. ಊರಲ್ಲಿ ಎಲ್ಲರೂ ಬೈಯುವ ಜಾಲಿಯ ಬಳಗ ಇಲ್ಲಿ ತನ್ನ ಸ್ವಂತ ನೆಲದಲ್ಲಿ ಇದೆ, ಚೆಂದದ ತೆಳು ನೆರಳು ಕೊಡುತ್ತದೆ. ಮಕ್ಕಳಿರುವ ಮನೆಗೆ ಮುಳ್ಳಿಲ್ಲದ 'ಡೆಸರ್ಟ್ ಮ್ಯೂಸಿಯಂ' ಜಾತಿಯ ಪಾಲೋ ವರ್ಡೆ ಒಳ್ಳೆಯದು. ವಸಂತದಲ್ಲಿ ಮರ ಪೂರ್ತಿ ಹಳದಿ ಹೂವು. ನೆಡುವುದು ಅಕ್ಟೋಬರ್, ನವೆಂಬರಲ್ಲಿ. ದಿನಾ ಸ್ವಲ್ಪ ಸ್ವಲ್ಪ ನೀರು ಹಾಕಿದರೆ ಬೇರು ಮೇಲೇ ಉಳಿದು ಮಾನ್ಸೂನ್ ಗಾಳಿಗೆ ಮರ ಬಿದ್ದುಹೋಗುತ್ತದೆ. ಅಪರೂಪಕ್ಕೆ, ಆಳಕ್ಕೆ ಇಳಿಯುವ ಹಾಗೆ ಹಾಕಿ. ಗುಂಡಿ ತೋಡುವಾಗ ಸುಣ್ಣಗಟ್ಟಿದ ಬಿಳಿ ಪದರ ಸಿಕ್ಕರೆ ಹಾರೆಯಿಂದ ಒಡೆಯಲೇಬೇಕು, ಇಲ್ಲದಿದ್ದರೆ ನೀರು ಇಳಿಯುವುದಿಲ್ಲ.

ನೀರು ಎಲ್ಲಿಂದ ಅಂತೀರಾ? ಇಲ್ಲಿ ವರ್ಷಕ್ಕೆ ಬೀಳುವುದು 180 ಮಿಲಿಮೀಟರ್ ಆಸುಪಾಸು. ಕಡಿಮೆಯೇ. ಆದರೂ 2000 ಚದರಡಿ ಚಾವಣಿಯಿಂದ ಸುಮಾರು 30 ಸಾವಿರ ಲೀಟರ್ ಇಳಿಯುತ್ತದೆ. ಆ ನೀರನ್ನು ಬೀದಿಗೆ ಬಿಡದೆ ಮರದ ಸುತ್ತ ಅಗಲವಾದ ಪಾತಿ ಮಾಡಿ ತಿರುಗಿಸಿ. ವಾಷಿಂಗ್ ಮೆಷಿನ್, ಸ್ನಾನದ ನೀರನ್ನೂ ಮರಕ್ಕೆ ಬಿಡಬಹುದು. ನಿಯಮ ಪಾಲಿಸಿದರೆ ದಿನಕ್ಕೆ 400 ಗ್ಯಾಲನ್‌ಗಿಂತ ಕಡಿಮೆ ಬಳಕೆಗೆ ಅರಿಜೋನಾದಲ್ಲಿ ಬೇರೆ ಅರ್ಜಿ ಹಾಕಬೇಕಿಲ್ಲ. ಪಾತ್ರೆ ತೊಳೆದ ಅಡುಗೆಮನೆ ನೀರು ಮಾತ್ರ ಇದಕ್ಕೆ ಸೇರುವುದಿಲ್ಲ.

ಅಡುಗೆಮನೆ ಅಂದಾಗ ನೆನಪಾಯಿತು. ಜುಲೈಯಲ್ಲಿ ತಣ್ಣೀರಿನ ನಲ್ಲಿ ಬಿಟ್ಟರೂ ಬಿಸಿ ನೀರೇ ಬರುತ್ತದೆ, ಅಕ್ಕಿ ತೊಳೆಯುವಾಗ ಕೈಗೇ ಗೊತ್ತಾಗುತ್ತದೆ. ಬೇಳೆ, ಅನ್ನ ಬೆಳಿಗ್ಗೆ ಏಳರೊಳಗೆ ಕೂಗಿಸಿಬಿಡಿ. ಮನೆ ಕಟ್ಟಿಸುವುದಾದರೆ ಒಲೆಯ ಮೇಲಿನ ಫ್ಯಾನಿನ ಗಾಳಿ ಹೊರಗೇ ಹೋಗುವ ಹಾಗೆ ನಕ್ಷೆಯಲ್ಲೇ ಬರೆಸಿ. ಒಗ್ಗರಣೆ ಹೊಗೆಯನ್ನು ಮತ್ತೆ ಒಳಕ್ಕೇ ಊದುವ ಫ್ಯಾನು ಇಲ್ಲಿ ತುಂಬಾ ಮನೆಗಳಲ್ಲಿದೆ.

ತುಳಸಿಯನ್ನು ಕಪ್ಪು ಪ್ಲಾಸ್ಟಿಕ್ ಕುಂಡದಲ್ಲಿ ಇಡಬೇಡಿ, ಬೇರು ಬೆಂದುಹೋಗುತ್ತದೆ. ನಮ್ಮದು ಎರಡು ಸಲ ಹೋಯಿತು. ಮೂರನೆಯದನ್ನು ಮಣ್ಣಿನ ಕುಂಡದಲ್ಲಿ ಪೂರ್ವದ ಗೋಡೆ ಪಕ್ಕ ಇಟ್ಟೆವು. ಬೆಳಗಿನ ಬಿಸಿಲು ಬೀಳುತ್ತದೆ, ಹನ್ನೆರಡಾದ ಮೇಲೆ ಮನೆಯದೇ ನೆರಳು. ನಾಲ್ಕು ವರ್ಷವಾಯಿತು, ಚೆನ್ನಾಗಿದೆ.