ಫೈಟರ್ ಮೀನು ಸಾಕುವವರು ನನ್ನನ್ನು ಕೇಳುವ ಪ್ರಶ್ನೆಗಳು

ಮನೆಗೆ ಬಂದವರು ನನ್ನ ಬೆಟ್ಟಾ ಮೀನನ್ನು ನೋಡಿದ ಕೂಡಲೇ ಕೇಳುತ್ತಾರೆ. "ಇದು ಫೈಟರ್ ಅಲ್ವಾ? ಅಂಗಡಿಯಲ್ಲಿ ಪ್ಲಾಸ್ಟಿಕ್ ಲೋಟದಲ್ಲೇ ಇಟ್ಟಿರ್ತಾರೆ. ಇದಕ್ಕೆ ಇಷ್ಟು ದೊಡ್ಡ ಟ್ಯಾಂಕ್ ಯಾಕೆ?" ನನ್ನ ಟ್ಯಾಂಕ್ ದೊಡ್ಡದೇನಲ್ಲ. ಕುಡಿಯುವ ನೀರಿನ ಕ್ಯಾನ್‌ನಲ್ಲಿ ಹಿಡಿಯುವಷ್ಟೇ, 20 ಲೀಟರ್. ಮೀನಿನ ಬೆಲೆಗಿಂತ ಟ್ಯಾಂಕು, ಹೀಟರು, ಫಿಲ್ಟರಿನ ಬೆಲೆ ಎಷ್ಟೋ ಪಟ್ಟು ಜಾಸ್ತಿ ಆಯಿತು ಅನ್ನುವುದು ಮಾತ್ರ ನಿಜ.

ಲೋಟದಲ್ಲಿಟ್ಟರೆ ಬೆಟ್ಟಾ ತಕ್ಷಣ ಸಾಯುವುದಿಲ್ಲ. ಎಡವಟ್ಟು ಶುರುವಾಗುವುದೇ ಅಲ್ಲಿ. ಅದರ ತಲೆಯೊಳಗೆ, ಕಿವಿರಿನ ಮೇಲುಗಡೆ, ಲ್ಯಾಬಿರಿಂತ್ ಅನ್ನುವ ಅಂಗ ಇದೆ. ನೀರಿನ ಮೇಲೆ ಬಂದು ಬಾಯಿ ತೆರೆದು ಗಾಳಿ ಎಳೆದುಕೊಳ್ಳುತ್ತದೆ. ಹಾಗಾಗಿ ಆಮ್ಲಜನಕ ಕಡಿಮೆ ಇರುವ ನೀರಿನಲ್ಲೂ ಉಸಿರಾಡಬಲ್ಲದು. ಗೋಲ್ಡ್‌ಫಿಶ್ ಒದ್ದಾಡುವ ನೀರಿನಲ್ಲಿ ಇದು ಸುಮ್ಮನೆ ನಿಂತಿರುತ್ತದೆ. ನಾವು ಅದನ್ನು "ಆರಾಮಾಗಿದೆ" ಅಂದುಕೊಳ್ಳುತ್ತೇವೆ. ಆದರೆ ಮೀನಿನ ಹೊಲಸಿನಿಂದ, ಉಳಿದ ಆಹಾರದಿಂದ ಹುಟ್ಟುವ ಅಮೋನಿಯಾಕ್ಕೂ ಗಾಳಿ ಕುಡಿಯುವುದಕ್ಕೂ ಸಂಬಂಧವಿಲ್ಲ. ಅಮೋನಿಯಾ ಕಿವಿರನ್ನು ಸುಡುತ್ತದೆ. ಲೋಟದಷ್ಟು ನೀರಿನಲ್ಲಿ ಅದು ಬೇಗ ಏರುತ್ತದೆ.

ಇನ್ನೊಂದು ಮಾತು ಎಲ್ಲರೂ ಹೇಳುತ್ತಾರೆ: "ಇವು ಗದ್ದೆ ಗುಂಡಿಯಲ್ಲಿ ಬದುಕೋ ಮೀನು." ಬೆಟ್ಟಾದ ಮೂಲ ಥಾಯ್ಲೆಂಡ್ ಮತ್ತು ಅದರ ಸುತ್ತಮುತ್ತಲ ದೇಶಗಳು. 2019ರಲ್ಲಿ ಥಾಯ್ಲೆಂಡ್ ಇದನ್ನು ತನ್ನ ರಾಷ್ಟ್ರೀಯ ಜಲಚರ ಅಂತ ಘೋಷಿಸಿತು. ಭತ್ತದ ಗದ್ದೆ, ಜೌಗು, ಕಾಲುವೆಗಳಲ್ಲಿ ಇರುವುದು ಹೌದು. ಅಲ್ಲಿ ನೀರು ಆಳ ಇಲ್ಲ, ಆದರೆ ಅಗಲ ಎಷ್ಟಿದೆ ಯೋಚನೆ ಮಾಡಿ. ತುಂಬ ಗಿಡ ಇರುತ್ತದೆ, ನೀರು ಬೆಚ್ಚಗಿರುತ್ತದೆ. ಗದ್ದೆಯಿಂದ ನಾವು ಕಲಿಯಬೇಕಾದದ್ದು ಟ್ಯಾಂಕ್ ಆಳ ಕಡಿಮೆ, ಉದ್ದ ಜಾಸ್ತಿ ಇರಲಿ ಅನ್ನುವುದು. ಗಾಳಿಗಾಗಿ ಪದೇಪದೇ ಮೇಲೆ ಬರಬೇಕಾದ ಮೀನು ಅದು. ಹಾಫ್‌ಮೂನ್ ಅನ್ನುವ ಉದ್ದ ಬಾಲದ ಬೆಟ್ಟಾಗೆ ಎತ್ತರದ ಟ್ಯಾಂಕ್ ದೊಡ್ಡ ಶಿಕ್ಷೆ.

ನಾನು ಸ್ಪಾಂಜ್ ಫಿಲ್ಟರ್ ಬಳಸುತ್ತೇನೆ. ಏರ್ ಪಂಪಿನ ಟ್ಯೂಬಿಗೆ ಒಂದು ಸಣ್ಣ ವಾಲ್ವ್ ಹಾಕಿ ಗುಳ್ಳೆ ಕಡಿಮೆ ಮಾಡಿಕೊಂಡಿದ್ದೇನೆ. ಜೋರು ನೀರಿನ ಹರಿವು ಇದಕ್ಕೆ ಆಗುವುದಿಲ್ಲ. ಮೀನು ಮೂಲೆ ಹಿಡಿದು ಕೂತರೆ ಹರಿವು ಜಾಸ್ತಿ ಅಂತ ಅರ್ಥ. "ಗಾಳಿ ಕುಡಿಯುವ ಮೀನಿಗೆ ಫಿಲ್ಟರ್ ಯಾಕೆ?" ಅಂತ ಕೇಳುವವರಿದ್ದಾರೆ. ಫಿಲ್ಟರಿನ ಕೆಲಸ ಬರೀ ಗುಳ್ಳೆ ಬಿಡುವುದಲ್ಲ. ಆ ಸ್ಪಾಂಜಿನಲ್ಲಿ ಬ್ಯಾಕ್ಟೀರಿಯಾ ಬೆಳೆಯುತ್ತದೆ. ಅದು ಅಮೋನಿಯಾವನ್ನು ನೈಟ್ರೈಟ್ ಮಾಡುತ್ತದೆ, ಆಮೇಲೆ ನೈಟ್ರೈಟನ್ನು ನೈಟ್ರೇಟ್ ಮಾಡುತ್ತದೆ. ಮೊದಲಿನ ಎರಡೂ ವಿಷ. ನೈಟ್ರೇಟ್ ಅಷ್ಟು ಕೆಟ್ಟದ್ದಲ್ಲ, ನೀರು ಬದಲಿಸಿದರೆ ಹೋಗುತ್ತದೆ. ಹೊಸ ಟ್ಯಾಂಕಿನಲ್ಲಿ ಈ ಬ್ಯಾಕ್ಟೀರಿಯಾ ನೆಲೆ ನಿಲ್ಲಲು ನಾಲ್ಕರಿಂದ ಆರು ವಾರ ಹಿಡಿಯುತ್ತದೆ. ಗೆಳತಿಯೊಬ್ಬಳ ಹಳೆಯ ಟ್ಯಾಂಕಿನ ಸ್ಪಾಂಜಿನ ತುಂಡು ತಂದು ಹಾಕಿದ್ದರಿಂದ ನನಗೆ ಬೇಗ ಆಯಿತು. ಸ್ಪಾಂಜನ್ನು ನಲ್ಲಿ ಕೆಳಗೆ ಹಿಡಿದು ತೊಳೆಯಬೇಡಿ. ಕ್ಲೋರಿನ್ ತಗುಲಿದರೆ ಬ್ಯಾಕ್ಟೀರಿಯಾ ಸಾಯುತ್ತದೆ. ಟ್ಯಾಂಕಿನಿಂದ ತೆಗೆದ ನೀರಿನಲ್ಲೇ ಹಿಂಡಿ ವಾಪಸ್ ಇಡಿ.

ಕರೆಂಟ್ ಹೋಗುವ ಊರಿನವರಿಗೆ ಒಂದು ಮಾತು. ಏರ್ ಪಂಪನ್ನು ನೀರಿನ ಮಟ್ಟಕ್ಕಿಂತ ಕೆಳಗೆ ಇಟ್ಟಿದ್ದರೆ, ಪಂಪ್ ನಿಂತಾಗ ನೀರು ಟ್ಯೂಬಿನಲ್ಲಿ ಹಿಂದಕ್ಕೆ ಹರಿದು ಪಂಪಿನೊಳಗೆ ಹೋಗುತ್ತದೆ. ಕೆಲವೊಮ್ಮೆ ಟೇಬಲ್ ಪೂರ್ತಿ ಒದ್ದೆ. ಪಂಪನ್ನು ಮೇಲೆ ಇಡಿ, ಇಲ್ಲವೇ ಹತ್ತಿಪ್ಪತ್ತು ರೂಪಾಯಿಯ ಚೆಕ್ ವಾಲ್ವ್ ಹಾಕಿ.

ಇನ್ನು ನೀರು. ನಾವಿರುವುದು ಬೆಂಗಳೂರಿನಲ್ಲಿ. ಒಂದು ದಿನ ಕಾವೇರಿ, ಇನ್ನೊಂದು ದಿನ ಬೋರ್‌ವೆಲ್, ಬೇಸಿಗೆಯಲ್ಲಿ ಟ್ಯಾಂಕರ್. ಮೂರೂ ಒಂದೇ ಸಂಪಿನಲ್ಲಿ ಸೇರುತ್ತವೆ. ಮೀನಿಗೆ ಗಡಸು ನೀರಿಗಿಂತ ಜಾಸ್ತಿ ಕಷ್ಟ ಆಗುವುದು ಈ ದಿಢೀರ್ ಬದಲಾವಣೆಯಿಂದ. ಬೆಟ್ಟಾ ಸ್ವಲ್ಪ ಗಡಸು ನೀರಿಗೂ ಹೊಂದಿಕೊಳ್ಳುತ್ತದೆ. ಆದರೆ ಪಿಎಚ್ ಜಾಸ್ತಿ ಇರುವ, ಅಂದರೆ ಕ್ಷಾರ ಹೆಚ್ಚಿರುವ ನೀರಿನಲ್ಲಿ ಅಷ್ಟೇ ಅಮೋನಿಯಾ ಹೆಚ್ಚು ವಿಷವಾಗುತ್ತದೆ ಅನ್ನುವುದು ನೆನಪಿರಲಿ. ಬೋರ್ ನೀರು ಬಳಸುವವರು ನೀರು ಬದಲಿಸುವುದನ್ನು ಮುಂದೂಡಬಾರದು. ಆರ್‌ಒ ನೀರು ಶುದ್ಧ ಅಲ್ವಾ, ಅದನ್ನೇ ಹಾಕೋಣ ಅಂತಾರೆ ಹಲವರು. ಅದರಲ್ಲಿ ಮೀನಿಗೆ ಬೇಕಾದ ಖನಿಜಗಳೂ ಹೋಗಿಬಿಟ್ಟಿರುತ್ತವೆ, ಪಿಎಚ್ ಹಿಡಿದು ನಿಲ್ಲಿಸುವ ಶಕ್ತಿಯೂ ಇರುವುದಿಲ್ಲ. ಬರೀ ಆರ್‌ಒ ಬೇಡ. ನಾನು ಬೋರ್ ನೀರು ತೀರಾ ಗಡಸಾದ ತಿಂಗಳುಗಳಲ್ಲಿ ಮಾತ್ರ ಅರ್ಧಕ್ಕರ್ಧ ಬೆರೆಸುತ್ತೇನೆ.

ನಲ್ಲಿ ನೀರಿನ ಕ್ಲೋರಿನ್‌ಗೆ ಆಂಟಿ-ಕ್ಲೋರಿನ್ ಹನಿ ಅಂಗಡಿಯಲ್ಲಿ ಸಿಗುತ್ತದೆ. ಬಕೆಟ್ಟಿನಲ್ಲಿ ಒಂದು ದಿನ ತೆರೆದಿಟ್ಟರೂ ಕ್ಲೋರಿನ್ ಹಾರಿಹೋಗುತ್ತದೆ. ಆದರೆ ಕ್ಲೋರಮೈನ್ ಹಾಕಿದ ನೀರಾದರೆ ಹಾಗೆ ಹೋಗುವುದಿಲ್ಲ, ಅದಕ್ಕೆ ಹನಿಯೇ ಗತಿ. ನಾನು ವಾರಕ್ಕೊಮ್ಮೆ ಕಾಲು ಭಾಗ ನೀರು ತೆಗೆದು ಹೊಸದು ಹಾಕುತ್ತೇನೆ. ಹೊಸ ನೀರಿಗೆ ಬೆರಳು ಅದ್ದಿ, ಆಮೇಲೆ ಥರ್ಮಾಮೀಟರ್ ಹಾಕಿ, ಹಳೆಯದರಷ್ಟೇ ಬೆಚ್ಚಗಿದೆಯಾ ಅಂತ ನೋಡಿ ಹಾಕುವುದು. ಪ್ರತಿ ಭಾನುವಾರ ಟ್ಯಾಂಕ್ ಪೂರ್ತಿ ಖಾಲಿ ಮಾಡಿ, ಕಲ್ಲನ್ನು ಸೋಪು ಹಾಕಿ ಉಜ್ಜಿ, ಹೊಸ ನೀರು ತುಂಬುವ ಮನೆಗಳಿವೆ. ಅಷ್ಟು ಶ್ರದ್ಧೆ ನೋಡಿದರೆ ಬೈಯಲೂ ಮನಸ್ಸು ಬರುವುದಿಲ್ಲ. ಆದರೆ ಪಾಪ, ಮೀನಿಗೆ ವಾರ ವಾರವೂ ಹೊಸ ಟ್ಯಾಂಕು.

"ಮೀನು ಮಂಕಾಗಿದೆ, ತಿನ್ನುತ್ತಿಲ್ಲ" ಅನ್ನುವ ಫೋನು ನನಗೆ ಜಾಸ್ತಿ ಬರುವುದು ಡಿಸೆಂಬರ್, ಜನವರಿಯಲ್ಲಿ. ರೋಗದ ಹೆಸರು ಕೇಳುವ ಮೊದಲು ನಾನು ಕೇಳುವುದು ನೀರು ಎಷ್ಟು ಡಿಗ್ರಿ ಇದೆ ಅಂತ. ಬೆಟ್ಟಾಗೆ 24ರಿಂದ 28 ಡಿಗ್ರಿ ಬೇಕು. ನಾನು 26ಕ್ಕೆ ಇಟ್ಟಿದ್ದೇನೆ. ಬೆಂಗಳೂರಿನ ಚಳಿಗಾಲದ ರಾತ್ರಿ ಹೊರಗೆ 15-16 ಡಿಗ್ರಿಗೆ ಇಳಿಯುತ್ತದೆ. ಕಿಟಕಿ ಪಕ್ಕ ಇಟ್ಟ ಸಣ್ಣ ಬೌಲಿನ ನೀರೂ ಅದರ ಹಿಂದೆಯೇ ಇಳಿಯುತ್ತದೆ. ತಣ್ಣಗಾದರೆ ಇದರ ಜೀರ್ಣಶಕ್ತಿ ಕುಗ್ಗುತ್ತದೆ, ರೋಗ ತಡೆಯುವ ಶಕ್ತಿಯೂ ಕುಗ್ಗುತ್ತದೆ. 20 ಲೀಟರಿಗೆ 25 ಅಥವಾ 50 ವ್ಯಾಟಿನ, ತಾನೇ ಆಫ್ ಆಗುವ ಹೀಟರ್ ಸಾಕು. ಅದನ್ನು ನಂಬಿ ಕೂರಬೇಡಿ, ಬೇರೆ ಥರ್ಮಾಮೀಟರ್ ಇರಲಿ. ನೀರು ತೆಗೆಯುವ ಮುಂಚೆ ಪ್ಲಗ್ ಕೀಳಿ, ಆಮೇಲೆ ಟ್ಯಾಂಕಿಗೆ ಕೈ ಹಾಕಿ. ಮಂಗಳೂರು, ಉಡುಪಿ ಕಡೆಯವರಿಗೆ ವರ್ಷದ ಹೆಚ್ಚು ದಿನ ಹೀಟರಿನ ಗೊಡವೆಯೇ ಇಲ್ಲ.

ಮುಚ್ಚಳ ಕಡ್ಡಾಯ. ಬೆಟ್ಟಾ ಎಗರುತ್ತದೆ. ಮುಚ್ಚಳ ಮತ್ತು ನೀರಿನ ನಡುವೆ ಎರಡು ಮೂರು ಇಂಚು ಜಾಗ ಬಿಡಿ. ಅಲ್ಲಿನ ಬೆಚ್ಚನೆಯ ಗಾಳಿಯನ್ನೇ ಅದು ಕುಡಿಯುವುದು.

ಈಗ ನಮ್ಮ ಮನೆಗಳಿಗೇ ಸೇರಿದ ವಿಷಯ. ಸೊಳ್ಳೆಬತ್ತಿ, ಗೋಡೆಗೆ ಸಿಕ್ಕಿಸುವ ಸೊಳ್ಳೆ ಲಿಕ್ವಿಡ್, ಜಿರಳೆ ಸ್ಪ್ರೇ. ಇವುಗಳಲ್ಲಿ ಸಾಮಾನ್ಯವಾಗಿ ಇರುವುದು ಪೈರೆಥ್ರಾಯ್ಡ್ ಜಾತಿಯ ಕೀಟನಾಶಕ. ನಮಗೆ ಅಷ್ಟೇನೂ ತಟ್ಟದ ಪ್ರಮಾಣ ಮೀನಿಗೆ ವಿಷ. ಏರ್ ಪಂಪ್ ಕೋಣೆಯ ಗಾಳಿಯನ್ನೇ ಎಳೆದು ನೀರಿಗೆ ಊದುತ್ತದೆ, ಮೀನೂ ಅದೇ ಗಾಳಿ ಕುಡಿಯುತ್ತದೆ. ಹಾಗಾಗಿ ಟ್ಯಾಂಕ್ ಇರುವ ಕೋಣೆಯಲ್ಲಿ ನಾವು ಸೊಳ್ಳೆ ಪರದೆ ಕಟ್ಟುತ್ತೇವೆ, ಲಿಕ್ವಿಡ್ ಹಚ್ಚುವುದಿಲ್ಲ. ದೇವರ ಕೋಣೆಯ ಧೂಪದ ಹೊಗೆಯಿಂದಲೂ ದೂರ ಇಡಿ. ಅಡುಗೆಮನೆ ಪಕ್ಕ ಇಟ್ಟರೆ ಕರಿದ ಎಣ್ಣೆಯ ಹಬೆ ನೀರಿನ ಮೇಲೆ ತೆಳ್ಳನೆ ಪದರವಾಗಿ ಕೂರುತ್ತದೆ. ಹಾಗೇನಾದರೂ ಕಂಡರೆ ಒಂದು ಟಿಶ್ಯೂ ಕಾಗದ ಹಾಸಿ ಎತ್ತಿಬಿಡಿ, ಎಣ್ಣೆ ಅದಕ್ಕೆ ಅಂಟಿಕೊಂಡು ಬರುತ್ತದೆ.

ಆಹಾರ. ಬೆಟ್ಟಾ ಹುಳ ತಿನ್ನುವ ಮೀನು. ಅನ್ನದಗುಳು, ಬ್ರೆಡ್ಡು, ಬಿಸ್ಕತ್ತು ಅದರ ಊಟವಲ್ಲ. ಬೆಳಿಗ್ಗೆ ಎರಡು ಮೂರು, ಸಂಜೆ ಎರಡು ಮೂರು ಪೆಲೆಟ್ ಹಾಕುತ್ತೇನೆ. ವಾರಕ್ಕೊಂದು ದಿನ ಉಪವಾಸ. ನಮ್ಮಮ್ಮ ಅದನ್ನು ಮೀನಿನ ಏಕಾದಶಿ ಅನ್ನುತ್ತಾರೆ. ಫ್ರೀಜ್ ಮಾಡಿದ ಬ್ಲಡ್‌ವರ್ಮ್ ವಾರಕ್ಕೆ ಒಂದೆರಡು ಸಲ. ನೀವು ಟ್ಯಾಂಕಿನ ಹತ್ತಿರ ಹೋದಾಗಲೆಲ್ಲ ಅದು ಓಡಿ ಬಂದು ಕುಣಿಯುತ್ತದೆ. ಅದನ್ನು ಹಸಿವು ಅಂತ ನಂಬಬೇಡಿ. ಮನೆಯಲ್ಲಿ ನಾಲ್ಕು ಜನ ಇದ್ದರೆ ನಾಲ್ವರ ಮುಂದೆಯೂ ಕುಣಿದು ನಾಲ್ಕು ಊಟ ಮಾಡುತ್ತದೆ. ಹೊಟ್ಟೆ ಉಬ್ಬಿ ಓರೆಯಾಗಿ ಈಜುತ್ತಿದ್ದರೆ ಎರಡು ಮೂರು ದಿನ ಏನೂ ಹಾಕಬೇಡಿ. ಬಹಳ ಸಲ ಅಷ್ಟರಲ್ಲೇ ಸರಿಹೋಗುತ್ತದೆ. ಸೊಳ್ಳೆ ಮರಿ ಇದಕ್ಕೆ ಪಂಚಪ್ರಾಣ. ಹಾಗಂತ ಬಕೆಟ್ಟಿನಲ್ಲಿ ನೀರಿಟ್ಟು ಸೊಳ್ಳೆ ಸಾಕುವ ಸಾಹಸ ಬೇಡ. ಡೆಂಗಿ ಹರಡುವ ಸೊಳ್ಳೆ ಬೆಳೆಯುವುದೂ ಅಂಥ ನೀರಿನಲ್ಲೇ.

ಜೊತೆಗೆ ಯಾರನ್ನು ಬಿಡಬಹುದು? ಎರಡು ಗಂಡು ಬೇಡವೇ ಬೇಡ. ಹೆಣ್ಣನ್ನೂ ಖಾಯಂ ಜೊತೆಗೆ ಬಿಡಬಾರದು. ಗಂಡು ನೀರಿನ ಮೇಲೆ ನೊರೆ ಗೂಡು ಕಟ್ಟಿತು ಅಂದರೆ ಅದಕ್ಕೆ ಮದುವೆ ಮಾಡಬೇಕು ಅಂತಲ್ಲ, ಒಂಟಿ ಗಂಡೂ ಕಟ್ಟುತ್ತದೆ. ಬಣ್ಣದ ಬಾಲದ ಗಪ್ಪಿಯನ್ನು ಇನ್ನೊಂದು ಬೆಟ್ಟಾ ಅಂದುಕೊಂಡು ಅಟ್ಟಾಡಿಸುತ್ತದೆ. ನನ್ನದರ ಜೊತೆ ಒಂದು ಬಸವನಹುಳು ಇದೆ, ಅಷ್ಟೇ. ಕನ್ನಡಿ ತೋರಿಸಿ ರೇಗಿಸುವುದು ಮಕ್ಕಳಿಗೆ ಮಜಾ. ಒಂದೆರಡು ನಿಮಿಷಕ್ಕೆ ನಿಲ್ಲಿಸಬೇಕು.

ಟ್ಯಾಂಕಿನೊಳಗೆ ಪ್ಲಾಸ್ಟಿಕ್ ಗಿಡ ಹಾಕುವ ಮುಂಚೆ ಹಳೆಯ ರೇಷ್ಮೆ ಬಟ್ಟೆಯನ್ನು ಅದರ ಮೇಲೆ ಎಳೆದು ನೋಡಿ. ದಾರ ಸಿಕ್ಕಿಕೊಂಡರೆ ಬಾಲವೂ ಹರಿಯುತ್ತದೆ. ನಾನು ಅನೂಬಿಯಾಸ್ ಮತ್ತು ಜಾವಾ ಫರ್ನ್ ಇಟ್ಟಿದ್ದೇನೆ, ಎರಡಕ್ಕೂ ಜಾಸ್ತಿ ಬೆಳಕು ಬೇಡ. ಮನಿ ಪ್ಲಾಂಟಿನ ಬೇರು ಮಾತ್ರ ನೀರಿನಲ್ಲಿ ಇಳಿಯುವ ಹಾಗೆ ಅಂಚಿನಲ್ಲಿ ಸಿಕ್ಕಿಸಿದರೆ ಅದು ನೈಟ್ರೇಟ್ ಹೀರಿಕೊಂಡು ಸೊಂಪಾಗಿ ಬೆಳೆಯುತ್ತದೆ.

ಬಾದಾಮಿ ಎಲೆಯನ್ನು ಆನ್‌ಲೈನ್‌ನಲ್ಲಿ ಪ್ಯಾಕೆಟ್ ಮಾಡಿ ಮಾರುತ್ತಾರೆ. ನಮ್ಮ ಬೀದಿಗಳಲ್ಲಿ ಛತ್ರಿಯಂತೆ ಹರಡಿ ನಿಲ್ಲುವ ಕಾಡುಬಾದಾಮಿ ಮರದ್ದೇ ಅದು. ತಾನಾಗಿ ಉದುರಿದ, ಒಣಗಿ ಕಂದಾದ ಎಲೆ ಬೇಕು. ಹಸಿರೆಲೆ ಬೇಡ. ವಾಹನದ ಹೊಗೆ, ಫಾಗಿಂಗ್ ಇಲ್ಲದ ಕಡೆಯಿಂದ ಆರಿಸಿ, ತೊಳೆದು, ಬಿಸಿನೀರಿನಲ್ಲಿ ನೆನೆಸಿ ಹಾಕುತ್ತೇನೆ. ನೀರು ತಿಳಿ ಚಹಾದ ಬಣ್ಣಕ್ಕೆ ತಿರುಗುತ್ತದೆ. ಅದರ ಟ್ಯಾನಿನ್‌ನಿಂದ ಪಿಎಚ್ ಸ್ವಲ್ಪ ಇಳಿಯಬಹುದು, ಮೀನು ಶಾಂತವಾಗಿರುತ್ತದೆ. ಸಣ್ಣಪುಟ್ಟ ಗಾಯಕ್ಕೂ ಒಳ್ಳೆಯದು. ಎಲ್ಲ ರೋಗಕ್ಕೂ ಎಲೆ ಹಾಕಿ ಕೂರುವವರನ್ನು ಕಂಡರೆ ಮಾತ್ರ ನನಗೆ ಸಿಟ್ಟು ಬರುತ್ತದೆ.

ರೋಗದ ವಿಷಯದಲ್ಲಿ ನಾನು ಡಾಕ್ಟರಲ್ಲ, ಕಂಡದ್ದಷ್ಟೇ ಹೇಳುತ್ತೇನೆ. ಬಾಲ ಒಂದೇ ರಾತ್ರಿಯಲ್ಲಿ ಕತ್ತರಿಸಿದ ಹಾಗೆ ತುಂಡಾಗಿದ್ದರೆ ಬಹುಶಃ ಅದೇ ಕಚ್ಚಿಕೊಂಡಿದೆ. ಭಾರದ ಬಾಲದ ಹಾಫ್‌ಮೂನ್‌ಗಳು ಹೀಗೆ ಮಾಡುತ್ತವೆ. ಅಂಚು ಕಪ್ಪಾಗಿ ಅಥವಾ ಕೆಂಪಾಗಿ, ದಿನದಿಂದ ದಿನಕ್ಕೆ ಕರಗುತ್ತಿದ್ದರೆ ಅದು ಫಿನ್ ರಾಟ್. ಶುರುವಿನಲ್ಲಾದರೆ ಬೆಚ್ಚನೆಯ, ಚೊಕ್ಕ ನೀರಿನಲ್ಲೇ ಬಹುಪಾಲು ವಾಸಿಯಾಗುತ್ತದೆ. ಕೆಲವು ವಾರಗಳಲ್ಲಿ ಅಂಚಿನಲ್ಲಿ ಗಾಜಿನಂಥ ಹೊಸ ರೆಕ್ಕೆ ಕಾಣುತ್ತದೆ. ಮೈಮೇಲೆ ಉಪ್ಪು ಉದುರಿಸಿದಂಥ ಬಿಳಿ ಚುಕ್ಕಿ ಅಂದರೆ ವೈಟ್ ಸ್ಪಾಟ್. ಇದರ ಪರಾವಲಂಬಿಗೆ ಔಷಧ ತಾಗುವುದು ಅದು ಮೀನನ್ನು ಬಿಟ್ಟು ನೀರಿನಲ್ಲಿ ತಿರುಗುವಾಗ ಮಾತ್ರ. ಹಾಗಾಗಿ ಚುಕ್ಕಿ ಮಾಯವಾದ ದಿನವೇ ಔಷಧ ನಿಲ್ಲಿಸಬಾರದು. ಟಾರ್ಚ್ ಬಿಟ್ಟಾಗ ಮೈಮೇಲೆ ಚಿನ್ನದ ಪುಡಿಯಂತೆ ಹೊಳೆದರೆ ವೆಲ್ವೆಟ್, ಅದು ಇನ್ನೂ ಬೇಗ ಕೊಲ್ಲುತ್ತದೆ. ಹೊಟ್ಟೆ ಉಬ್ಬಿ ಮೈಯ ಹುರುಪೆಗಳೆಲ್ಲ ಎದ್ದು ನಿಂತರೆ ಡ್ರಾಪ್ಸಿ. ಆ ಹಂತದಿಂದ ವಾಪಸ್ ಬರುವ ಮೀನು ಕಡಿಮೆ. ಮನೆಯಲ್ಲಿ ಉಳಿದ ಆಂಟಿಬಯೋಟಿಕ್ ಕ್ಯಾಪ್ಸೂಲ್ ಬಿಚ್ಚಿ ನೀರಿಗೆ ಸುರಿಯುವುದು ದಯವಿಟ್ಟು ಬೇಡ. ಅದು ಫಿಲ್ಟರಿನ ಬ್ಯಾಕ್ಟೀರಿಯಾವನ್ನೂ ಕೊಲ್ಲಬಹುದು.

ಹೊಸದಾಗಿ ತರುವವರಿಗೆ: ನಮ್ಮ ಕಡೆ ಸಿಗುವ ಬೆಟ್ಟಾಗಳಲ್ಲಿ ಬಹಳಷ್ಟು ಚೆನ್ನೈನ ಕೊಳತ್ತೂರು ಕಡೆಯಿಂದ ಬರುತ್ತವೆ. ಪ್ರಯಾಣ, ಲೋಟ, ಮತ್ತೆ ಕವರು ಎಲ್ಲ ಮುಗಿಸಿ ನಿಮ್ಮ ಮನೆಗೆ ಬರುವಾಗ ಅದು ಸುಸ್ತಾಗಿರುತ್ತದೆ. ಅಂಗಡಿಯಲ್ಲಿ ಬೆರಳು ತೋರಿಸಿದರೆ ತಿರುಗಿ ನೋಡುವ, ರೆಕ್ಕೆ ಬಿಚ್ಚಿಕೊಂಡಿರುವ ಮೀನನ್ನು ಆರಿಸಿ. ಕವರನ್ನು ಕಾಲು ಗಂಟೆ ಟ್ಯಾಂಕಿನಲ್ಲಿ ತೇಲಿಬಿಟ್ಟು, ಸ್ವಲ್ಪ ಸ್ವಲ್ಪ ಟ್ಯಾಂಕಿನ ನೀರು ಬೆರೆಸಿ, ಮೀನನ್ನು ಮಾತ್ರ ಒಳಗೆ ಬಿಡಿ. ಕವರಿನ ನೀರು ಚರಂಡಿಗೆ. ಮೊದಲ ದಿನ ತಿನ್ನದಿದ್ದರೆ ಗಾಬರಿ ಬೇಡ. ಅಂಗಡಿಗೆ ಬರುವಾಗಲೇ ಬಹುತೇಕ ಮೀನುಗಳಿಗೆ ಅರ್ಧ ವರ್ಷಕ್ಕಿಂತ ಜಾಸ್ತಿ ವಯಸ್ಸಾಗಿರುತ್ತದೆ, ಅದರ ಆಯಸ್ಸು ಸುಮಾರಾಗಿ ಎರಡರಿಂದ ನಾಲ್ಕು ವರ್ಷ. ಸಾಕಲು ಆಗದಿದ್ದರೆ ಬೇರೆಯವರಿಗೆ ಕೊಡಿ, ಕೆರೆಗೆ ಬಿಡಬೇಡಿ.

ಹಬ್ಬಕ್ಕೆ ಊರಿಗೆ ಹೋಗುವಾಗ ಏನು ಮಾಡುವುದು ಅಂತ ಎಲ್ಲರೂ ಕೇಳುತ್ತಾರೆ. ಆರೋಗ್ಯವಾಗಿರುವ ದೊಡ್ಡ ಬೆಟ್ಟಾ ನಾಲ್ಕೈದು ದಿನ ಊಟವಿಲ್ಲದೆ ಇರಬಲ್ಲದು. ಹೊರಡುವ ಹಿಂದಿನ ದಿನ ನೀರು ಬದಲಿಸಿ, ಲೈಟ್ ಆರಿಸಿ ಹೊರಡಿ. ಅದಕ್ಕಿಂತ ಜಾಸ್ತಿ ದಿನ ಅಂದರೆ ನಾನು ಪಕ್ಕದ ಮನೆಯ ಹುಡುಗನಿಗೆ ಹೇಳುತ್ತೇನೆ. ಒಂದೊಂದು ಊಟಕ್ಕೆ ನಾಲ್ಕು ಪೆಲೆಟ್ ಅಂತ ಕಾಗದದ ಪೊಟ್ಟಣ ಕಟ್ಟಿ, ಮೇಲೆ ವಾರದ ಹೆಸರು ಬರೆದಿಡುತ್ತೇನೆ. "ಆಂಟಿ, ಅದು ಇನ್ನೂ ಕೇಳ್ತಿದೆ" ಅಂತ ಅವನು ಖಂಡಿತ ಫೋನ್ ಮಾಡುತ್ತಾನೆ. ಅದಕ್ಕೇ ಪೆಲೆಟ್ ಡಬ್ಬಿ ಬೀರುವಿನೊಳಗೆ, ಬೀಗದ ಕೈ ನನ್ನ ಬ್ಯಾಗಿನಲ್ಲಿ.